ಒಂದು ಹಂಚು, ಒಂದು ಸಾಲು

"ಮೇಲೆ ಮಳೆ, ಕೆಳಗೆ ಮಗು, ನಡುವೆ ನಾನು."

ಖಾನಾಪುರ ತಾಲೂಕಿನ ಒಂದು ಬಾಲವಾಡಿಯ ಮಾಡಿನಲ್ಲಿ, ಒಂದು ಹಂಚಿನ ಒಳಮೈ ಮೇಲೆ, ಬಿಳಿ ಬಣ್ಣದಲ್ಲಿ ಈ ಸಾಲು ಇದೆ. ಇದು ನಾನು ಬರೆದದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿ ಮಾತ್ರ ಒಪ್ಪುವುದಿಲ್ಲ. ಅವಳ ಪ್ರಕಾರ ಇದು ನಮ್ಮ ಫೌಂಡ್ರಿ ಗೆಳೆಯನ ಸಾಲು. ನನ್ನದು ಅದೇ ಊರಿನ ಒಂದು ದನದ ಕೊಟ್ಟಿಗೆಯಲ್ಲಿ, ಎಮ್ಮೆಯ ನೆತ್ತಿಯ ನೇರಕ್ಕೆ ಇದೆಯಂತೆ.

ಧಾರವಾಡದಲ್ಲಿ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ಕೇಳಿ ನೋಡಬೇಕು, ಇನ್ನು ನೆನಪನ್ನಂತೂ ಕೂರಿಸಿಕೊಂಡು ಪಾಟೀಸವಾಲು ಮಾಡಬೇಕು ಎನ್ನುವುದು ಅಲ್ಲಿ ಹತ್ತಿದ ಚಟ. ಬೇರೆಯವರ ನೆನಪಿನ ಮೇಲೆ ಈ ಚಟ ಚೆನ್ನಾಗಿ ನಡೆಯುತ್ತದೆ. ನನ್ನದರ ಮೇಲೆ ಪ್ರಯೋಗ ಮಾಡಿದಾಗೆಲ್ಲ ಮನೆಯಲ್ಲಿ ಜಗಳವಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಅಂದರೆ ನಡೆಯಿತು ಎಂದು ನನಗೆ ಅನಿಸುವ ಹಾಗೆ, ಒಮ್ಮೆ ಬರೆದಿಡುತ್ತೇನೆ. ಹೆಂಡತಿ ಓದಿ ತಕರಾರು ತೆಗೆದ ಕಡೆ ಅದನ್ನೂ ಸೇರಿಸುತ್ತೇನೆ.

ಎರಡು ಸಾವಿರದ ಆಸುಪಾಸಿನಲ್ಲಿ ನಾವು ಬೆಳಗಾವಿಯ ಸದಾಶಿವನಗರದಲ್ಲಿ ಬಾಡಿಗೆಗಿದ್ದೆವು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಅವಳು ಬ್ಯಾಂಕಿನಲ್ಲಿದ್ದಳು. ನಮ್ಮ ಓಣಿಯ ತಿರುವಿನ ಕಂಪೌಂಡ್ ಗೋಡೆಗೆ ಒಂದು ಕರಿಹಲಗೆ ಜಡಿದಿದ್ದರು. ಊರಿನ ಎಷ್ಟೋ ಓಣಿಗಳಲ್ಲಿ ಇಂಥದ್ದೊಂದು ಇರುತ್ತಿತ್ತು. ಮೇಲೆ 'ಸುವಿಚಾರ' ಎಂಬ ತಲೆಬರಹ, ಕೆಳಗೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಒಳ್ಳೆಯ ಮಾತು. ಅದನ್ನು ಬರೆಯುತ್ತಿದ್ದ ಹಿರಿಯರು ಮಗಳ ಊರಿಗೆ ಹೋದ ಮೇಲೆ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಹೆಂಡತಿಯ ಕೊರಳಿಗೆ ಬಿತ್ತು.

ಸ್ವಲ್ಪ ದಿನದಲ್ಲೇ ಅವಳ ಹತ್ತಿರ ಒಳ್ಳೆಯ ಮಾತುಗಳು ಮುಗಿದವು.

"ಏನ್ರಿ, ಇಷ್ಟ ಓದೀರಿ. ಒಂದ ಛಲೋ ಮಾತ ಹೇಳ್ರಿ, ಬ್ಯಾಂಕಿಗೆ ಹೊತ್ತಾತು."

ಛಲೋ ಮಾತುಗಳ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಹಲ್ಲುಜ್ಜುತ್ತಲೇ ಹೇಳಿದೆ: "ಇವತ್ತು ಹಾಲಿನವ ಬರಲಿಲ್ಲ. ಕರಿ ಚಹಾ ಕುಡಿದೆವು. ಯಾರಿಗೂ ಏನೂ ಆಗಲಿಲ್ಲ." ನಾನು ಹೇಳಿದ್ದು ಚೇಷ್ಟೆಗೆ, ಅವಳು ಹೋಗಿ ಅದನ್ನೇ ಬರೆದಳು. ಅವತ್ತು ಹಲಗೆಯ ಮುಂದೆ ಸೈಕಲ್ಲು ನಿಲ್ಲಿಸಿ ಓದಿ ನಕ್ಕವರು ಬಹಳ. ಹಾಲಿನವನೂ ನಿಂತು ಓದಿದ, ನಗಲಿಲ್ಲ.

ಅಲ್ಲಿಂದ ಹಲಗೆಯ ದಾರಿಯೇ ಬದಲಾಯಿತು. ಒಂದು ದಿನ ಓಣಿಯಲ್ಲಿ ಕಂಡದ್ದು, ಇನ್ನೊಂದು ದಿನ ನಾಲ್ಕು ಸಾಲಿನ ಕವನ. ಜನ ತಾವೇ ಚೀಟಿಯಲ್ಲಿ ಬರೆದು ನಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗತೊಡಗಿದರು. ಬಾಜೂಮನೆಯ ಮಾವಶಿ, ಒಬ್ಬರೇ ಇರುತ್ತಿದ್ದ ಮರಾಠಿ ಮುದುಕಿ, ಸೊಪ್ಪು ಸೋಸುತ್ತ ಎರಡು ಸಾಲು ಮರಾಠಿಯಲ್ಲಿ ಹೇಳುತ್ತಿದ್ದರು. ಹೆಂಡತಿ ಅದನ್ನು ಅದೇ ಲಿಪಿಯಲ್ಲಿ ಬರೆಯುತ್ತಿದ್ದಳು. ಬೆಳಗಾವಿಯಲ್ಲಿ ಫಲಕ ಅಂದರೆ ಕಲ್ಲು ಬೀಳಬಹುದಾದ ಜಾಗ, ಆದರೆ ಸೊಪ್ಪು, ಸೊಸೆ, ನಳದ ನೀರಿನ ಬಗ್ಗೆ ಬರೆದದ್ದಕ್ಕೆ ಯಾರೂ ಕಲ್ಲೆತ್ತಲಿಲ್ಲ.

ಏಪ್ರಿಲಿನ ಒಂದು ಬೆಳಗ್ಗೆ ನಮ್ಮ ಗೆಳೆಯ ಬಂದ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಟ್ಟಿಗೆಯ ಅಚ್ಚು ಮಾಡುವುದು ಅವನ ಕೆಲಸ. ಅವನ ಅಚ್ಚಿನ ಮೇಲೆಯೇ ಮರಳು ಒತ್ತಿ ಕಬ್ಬಿಣ ಹೊಯ್ಯುತ್ತಿದ್ದರು. ಮೂಲತಃ ಖಾನಾಪುರದ ಕಡೆಯವನು, ಹಲಸಿಗೆ ಹೋಗುವ ದಾರಿಯಲ್ಲಿ ಅವನ ಊರು. ಬೈಕು ನಿಲ್ಲಿಸುವ ಮೊದಲೇ ಕೂಗಿದ.

"ವೈನಿ, ಚಹಾ ಇಡ್ರಿ. ಸಕ್ಕರಿ ಹೆಚ್ಚ ಹಾಕ್ರಿ, ಸುದ್ದಿ ಕಹಿ ಐತಿ."

"ಏನಾತೋ?" ಅಂದೆ.

"ನಮ್ಮಕ್ಕನ ಬಾಲವಾಡಿ ತಗಡು ಹಾರಿ ಹೋದುವು, ನಿನ್ನಿ ಗಾಳಿಗೆ. ಒಂದು ಕೆರಿಯಾಗ ಬಿದ್ದೈತಿ. ಉಳದದ್ದು ಎಲ್ಲಿ ಅದಾವೋ ಇನ್ನಾ ಹುಡಕಾಕತ್ತಾರ. ಹುಡುಗೂರು ಮನಿಗೆ ಹೋಗಿದ್ವು, ಪುಣ್ಯಾ."

ಅಕ್ಕ ಮದುವೆ ಒಲ್ಲೆ ಎಂದವಳು. ಊರಿನವರು ಬಿಟ್ಟುಕೊಟ್ಟ ಹಳೆಯ ಭತ್ತದ ಕೋಣೆಯಲ್ಲಿ ಎಷ್ಟೋ ವರ್ಷದಿಂದ ಬಾಲವಾಡಿ ನಡೆಸುತ್ತಿದ್ದಳು. ಊರಿಗೆಲ್ಲ ಅಕ್ಕೋರು. ಮಳೆಗಾಲದ ನಾಟಿಯಲ್ಲಿ ಆ ಊರಿನ ಹೆಂಗಸರೆಲ್ಲ ಬೆಳಗಿನಿಂದ ಸಂಜೆಯ ತನಕ ಗದ್ದೆಯ ಕೆಸರಿನಲ್ಲಿ ನಿಂತಿರುತ್ತಾರೆ. ನಡೆಯಲು ಬರುವ, ಆದರೆ ಬುದ್ಧಿ ಬಾರದ ಮಕ್ಕಳನ್ನೆಲ್ಲ ಅಕ್ಕನ ಕೋಣೆಗೆ ಬಿಟ್ಟು ಹೋಗುತ್ತಾರೆ. ಕೋಣೆಗೆ ಮಾಡು ಇಲ್ಲವೆಂದರೆ ಮಕ್ಕಳು ಬದುವಿನ ಮೇಲೆ, ಮಳೆಯಲ್ಲಿ, ತುಂಬಿದ ಹಳ್ಳದ ಮಗ್ಗುಲಲ್ಲಿ. ಇಲ್ಲವೆಂದರೆ ತಾಯಂದಿರು ಮನೆಯಲ್ಲಿ.

"ಅಕ್ಕ ಏನಂತಾಳ?" ಹೆಂಡತಿ ಕೇಳಿದಳು.

"ಜೂನಿನಾಗ ಮಿರಗದ ಮಳಿ ಹತ್ತೂದರೊಳಗ ಮಾಡು ಆಗಲಿಲ್ಲಂದ್ರ ಬಂದ್ ಮಾಡಿ ನಿಮ್ಮನಿಗೆ ಬರ್ತೇನಿ ಅಂತಾಳ. ಸಿಟ್ಟಿಲೆ ಅಂದಿದ್ರ ಹೆದರತಿರಲಿಲ್ಲ ವೈನಿ. ಸಾವಕಾಶ ಅಂದ್ಲು." ಚಹಾ ಒಂದು ಗುಟುಕು ಕುಡಿದು ಸೇರಿಸಿದ: "ಆಕಿ ನಮ್ಮನಿಗೆ ಬಂದ್ಲಂದ್ರ ನಾ ಎಲ್ಲಿಗೆ ಹೋಗ್ಲಿ? ನಾ ಊಟಕ್ಕ ಕುಂತಾಗೂ ಕೈ ತೊಳದಿಯೇನೋ ಅಂತ ಕೇಳತಾಳ."

ಏನಾದರೂ ಮಾಡಬೇಕು ಅಂದೆವು. ಪಟ್ಟಿ ಎತ್ತುವುದು ಬೇಡ ಎಂಬುದರಲ್ಲಿ ಮೂವರದೂ ಒಂದೇ ಮಾತು. ಪಟ್ಟಿ ಪುಸ್ತಕ ಹಿಡಿದು ಬಂದವರನ್ನು ಕಿಟಕಿಯಿಂದ ನೋಡಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಓಣಿ ನಮ್ಮದು. ಆಗ ಯಾರೋ ಅಂದರು, ರೊಕ್ಕ ಯಾಕ, ಹಂಚನ್ನೇ ಕೇಳೂಣು. ಅಂದವನು ನಾನು ಎಂದು ನನ್ನ ನೆನಪು. ಹೆಂಡತಿ ತಾನು ಅನ್ನುತ್ತಾಳೆ. ಗೆಳೆಯನ ಪ್ರಕಾರ ಅಂದವರು ಕಂಪೌಂಡಿನ ಆಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಾವಶಿ. ಮಾವಶಿ ಈಗ ಇಲ್ಲ. ಇದ್ದಾಗ ಕೇಳಿದ್ದರೆ ನಾಲ್ಕನೆಯ ಹೆಸರು ಹೇಳುತ್ತಿದ್ದರೋ ಏನೋ.

ಮರುದಿನ ಹಲಗೆಯ ಮೇಲೆ ಹೀಗಿತ್ತು: "ಭಾನುವಾರ ಸಂಜೆ ನಮ್ಮ ಅಂಗಳದಲ್ಲಿ ಕವನ ಓದಲು, ಕೇಳಲು ಬನ್ನಿ. ಪ್ರವೇಶಕ್ಕೆ ಒಂದು ಹಂಚು. ಅದರ ಒಳಮೈ ಮೇಲೆ ನಿಮ್ಮ ಒಂದು ಸಾಲು ಬರೆದು ಕೊಡಲಾಗುವುದು. ಹಂಚು ಒಂದು ಬಾಲವಾಡಿಯ ಮಾಡಿಗೆ. ಮಧ್ಯಾಹ್ನ ಅಲ್ಲಿ ಮಲಗಿದ ಮಕ್ಕಳು ಅದನ್ನು ನೋಡುತ್ತಾರೆ." ಕೆಳಗೆ ಅದೇ ಮಾತು ಮರಾಠಿಯಲ್ಲಿ.

ಮಕ್ಕಳಿಗೆ ಓದಲು ಬರುವುದಿಲ್ಲವಲ್ಲ ಎಂದು ನಾನು ಸಂದೇಹ ಎತ್ತಿದೆ.

"ನಿಮ್ಮ ಕವನಕ್ಕ ಅದ ಛಲೋ," ಅಂದಳು ಹೆಂಡತಿ.

ಭಾನುವಾರ ನಾವೆಲ್ಲ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಸ್ಕೂಟರಿನ ಮುಂದೆ ಕಾಲ ನಡುವೆ ಹಂಚು ನಿಲ್ಲಿಸಿಕೊಂಡು ಬಂದವರು, ವೈರಿನ ಬುಟ್ಟಿಯಲ್ಲಿ ಕೋತಂಬರಿಯ ಜೊತೆ ತಂದವರು, ಪೇಪರಿನಲ್ಲಿ ಸುತ್ತಿ ಲಗ್ನದ ಉಡುಗೊರೆಯಂತೆ ಎರಡೂ ಕೈಯಲ್ಲಿ ಹಿಡಿದು ತಂದವರು. ಉದ್ಯಮಬಾಗದ ಒಬ್ಬ ಕೆಲಸಗಾರ ಸಿಟಿ ಬಸ್ಸಿನಲ್ಲಿ ಹಂಚು ತಂದ ಕತೆಯನ್ನು ಕವನದ ಬದಲು ಹೇಳಿದ. ಕಂಡಕ್ಟರ್ "ಇದಕ್ಕೂ ತಿಕೀಟ ತಗೋ" ಅಂದನಂತೆ. ಇವನು "ಇದು ನಿಂತ ಬರ್ತೈತ್ರಿ, ಸೀಟ್ ಬ್ಯಾಡ" ಅಂದನಂತೆ. ಅವತ್ತು ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ. ಮಾವಶಿಯ ಹಂಚು ಅವರ ಹಿತ್ತಲಲ್ಲಿ ಎಷ್ಟೋ ವರ್ಷದಿಂದ ತುಳಸಿಕಟ್ಟೆಗೆ ಒರಗಿಕೊಂಡಿದ್ದದ್ದು. ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಕುಂಕುಮ ಹಚ್ಚಿ ತಂದಿದ್ದರು. ಅವರ ಸಾಲನ್ನು ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: ಮಗಾ, ನೀನು ಮಲಗು, ಮಳೆಯನ್ನು ನಾನು ನೋಡಿಕೊಳ್ಳುತ್ತೇನೆ.

ಹೆಂಡತಿ ಮೂಲೆಯಲ್ಲಿ ಮಣೆ ಹಾಕಿಕೊಂಡು ಬಿಳಿ ಆಯಿಲ್ ಪೇಂಟಿನ ಡಬ್ಬಿ, ತೆಳ್ಳನೆಯ ಬ್ರಶ್ಶು ಇಟ್ಟುಕೊಂಡು ಕೂತಿದ್ದಳು. ಜನ ಸಾಲಾಗಿ ಬಂದು ತಮ್ಮ ಸಾಲು ಹೇಳುವುದು, ಅವಳು ಬರೆಯುವುದು. ಇಲ್ಲೇ ನನ್ನ ಕೇಸು ಬಿದ್ದು ಹೋದದ್ದು. ಎಲ್ಲ ಹಂಚಿನ ಮೇಲೂ ಇರುವುದು ಅವಳ ಅಕ್ಷರ. ಕೈಬರಹ ತೋರಿಸಿ ಗೆಲ್ಲುವ ದಾರಿ ನನಗೂ ಇಲ್ಲ, ಗೆಳೆಯನಿಗೂ ಇಲ್ಲ. "ನಾ ಬರದೇನಿ, ಯಾರು ಹೇಳಿದ್ರು ಅಂತ ನನಗ ಗೊತ್ತಿಲ್ಲೇನು?" ಎನ್ನುತ್ತಾಳೆ ಅವಳು. ಒಂದೇ ಸಂಜೆ ಅಷ್ಟೊಂದು ಜನರ ಸಾಲು ಕಿವಿಯಲ್ಲಿ ಹಾದು ಹೋದವಳಿಗೆ ಯಾರದು ಯಾವುದು ಎಂದು ನೆನಪಿರುವುದು ಸಾಧ್ಯವೇ ಎಂದು ನಾನು ಕೇಳುತ್ತೇನೆ. ಬ್ಯಾಂಕಿನಲ್ಲಿ ದಿನಾ ಅದೇ ಕೆಲಸ ಎಂದು ಅವಳ ಉತ್ತರ.

ನನ್ನ ಕವನವಾಚನ ನನಗೆ ಚೆನ್ನಾಗಿ ನೆನಪಿದೆ. ಬಸ್ ಸ್ಟ್ಯಾಂಡಿನಲ್ಲಿ ಕಾಯುವವರ ಬಗ್ಗೆ ಬರೆದದ್ದು. ಓದಿ ಮುಗಿಸಿದಾಗ ಅಂಗಳ ಒಂದು ಕ್ಷಣ ಸ್ತಬ್ಧವಾಗಿತ್ತು. ಅಂಗಳ ಸ್ತಬ್ಧವಾದದ್ದು ಖರೇ ಎಂದು ಹೆಂಡತಿಯೂ ಒಪ್ಪುತ್ತಾಳೆ. ನಾನು ಎದ್ದು ನಿಂತ ಕೂಡಲೇ ಕರೆಂಟು ಹೋಗಿ, ಎಲ್ಲರೂ ಹಿತ್ತಲಿನಲ್ಲಿ ಕರಿಯುತ್ತಿದ್ದ ಮಿರ್ಚಿ ಭಜಿಯ ಕಡೆಗೆ ನಡೆದಿದ್ದರಂತೆ.

ಆಮೇಲಿನ ಭಾನುವಾರಗಳಲ್ಲೂ ಹೀಗೇ ನಡೆಯಿತು. ಕೆಲವರು ಒಂದರ ಬದಲು ಹತ್ತು ತಂದರು. ಒಬ್ಬ ವಿಮಾ ಏಜೆಂಟರು ಪ್ರತಿ ವಾರ ಒಂದು ರಾಶಿಯನ್ನೇ ತಂದು, ಅಷ್ಟೇ ಉದ್ದದ ಕವನ ಓದುವ ಹಕ್ಕು ಪಡೆದರು. ಕಂಪೌಂಡಿನ ಉದ್ದಕ್ಕೂ ಹಂಚು ಪೇರಿಸಿಟ್ಟದ್ದನ್ನು ಕಂಡು ಮನೆ ಮಾಲಿಕರು ಗೇಟಿನಲ್ಲೇ ನಿಂತು ಮೇಲೆ ನೋಡಿದರು.

"ಏನ್ರಿ ಸರ, ನನ್ನ ಮನಿ ಹಂಚು ಇಳಿಸಿ ಇಟ್ಟೀರೇನು?"

ಅವರ ಮನೆ ಆರ್‌ಸಿಸಿ. ಆದರೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡೇ ಒಳಗೆ ಬಂದರು. ಹೋಗುವಾಗ ಒಂದು ಸಾಲು ಹೇಳಿಯೂ ಹೋದರು, ಬಾಡಿಗೆಯ ಬಗ್ಗೆ.

ಮೇ ಕೊನೆಗೆ ಗೆಳೆಯ ಒಂದು ಟೆಂಪೋ ತಂದ. ಹಂಚಿನ ನಡುನಡುವೆ ಹುಲ್ಲು ಇಟ್ಟು ತುಂಬಿದೆವು. ಖಾನಾಪುರ ದಾಟಿ ಒಳದಾರಿಗೆ ಬಿದ್ದ ಮೇಲೆ ಪ್ರತಿ ಕುಣಿಗೂ ಹಿಂದಿನಿಂದ ಹಂಚು ಮಾತಾಡುತ್ತಿದ್ದವು. "ನಿಮ್ಮ ಕವಿಗೋಷ್ಠಿ ಇನ್ನಾ ನಡದೈತ್ರಿ," ಅಂದ ಡ್ರೈವರ್.

ಊರಿನ ಮುಂದೆ ಅಕ್ಕ ನಿಂತಿದ್ದಳು. ಎತ್ತರದ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ತಮ್ಮನನ್ನು ಕಂಡು ಮೊದಲು ಕೇಳಿದ್ದು, "ಉಂಡೀಯಿಲ್ಲೋ?" ಎರಡನೆಯದು, "ಒಡದಿಲ್ಲಲ್ಲ?" ಕೋಣೆಯ ಕೆಂಪುಕಲ್ಲಿನ ಗೋಡೆಯ ಮೇಲೆ ಹೊಸ ಜಂತಿ ಕೂಡಿಸಿ, ಹಂಚು ಕೂರಲು ಅಡ್ಡಕ್ಕೆ ರೀಪು ಹೊಡೆದಾಗಿತ್ತು. ಹೊದಿಸಲು ಬಂದ ಮಿಸ್ತ್ರಿ ಮೇಲೆಯೇ ಕೂತು ಬೀಡಿ ಸೇದುತ್ತಿದ್ದ.

"ಸಾಹೇಬ್ರ, ಒಂದೊಂದ ಕೊಡ್ರಿ. ಬಿಸಲು ಇಳಿಯೂದರಾಗ ಮಾಡು ಮುಗಸ್ತೇನಿ. ಎಂಥಾ ಹಂಚಿರ್ಲಿ, ನನ್ನ ಕೈ ಹತ್ತಿದ್ರ ಕುಂದರ್ತೈತಿ."

ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದೆವು. ಮೊದಲನೆಯದು ಕೂತಿತು. ಎರಡನೆಯದು ಅದರ ಮಗ್ಗುಲಿಗೆ ಬರಲಿಲ್ಲ. ಮಿಸ್ತ್ರಿ ತಿರುಗಿಸಿದ, ಮಗುಚಿದ, ಅಂಗೈಯಿಂದ ಗುದ್ದಿದ. ಮೂರನೆಯದು ಎರಡನೆಯದರ ಮೇಲೆ ಹತ್ತಿ ಕೂತಿತು. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಬೆಕ್ಕಿನ ಮರಿ ದಾಟುವಷ್ಟು ಸಂದಿ. ಒಂದು ಸಾಲು ಮುಗಿಯುವ ಹೊತ್ತಿಗೆ ಮಾಡು ಹಲ್ಲು ಹೊಯ್ದಾಡುವ ಮುದುಕನ ಬಾಯಿಯಂತೆ ಕಾಣುತ್ತಿತ್ತು.

"ಇವು ಹಂಚಲ್ರಿ!" ಮೇಲಿನಿಂದ ಮಿಸ್ತ್ರಿ ಕೂಗಿದ. "ಇವು ಅಣತಮ್ಮಂದ್ರ ಭಾವಕಿ ಜಗಳಾ!"

ಹಂಚು ಒಂದನ್ನೊಂದು ಬೆರಳಿಗೆ ಬೆರಳು ಹೆಣೆದಂತೆ ಹಿಡಿದುಕೊಳ್ಳಬೇಕು. ಒಂದರ ಅಂಚಿನ ಕಾಲುವೆಯಲ್ಲಿ ಇನ್ನೊಂದರ ಏಣು ಇಳಿಯಬೇಕು. ಪ್ರತಿ ಕಾರ್ಖಾನೆಯ ಅಚ್ಚೂ ಬೇರೆ, ಕಾಲುವೆಯ ಅಗಲವೂ ಬೇರೆ. ನಾವು "ಒಂದು ಹಂಚು" ಎಂದು ಕೇಳಿದ್ದೆವು, ಯಾವ ಹಂಚು ಎಂದು ಕೇಳಿರಲಿಲ್ಲ. ಜನ ತಮ್ಮ ಹಿತ್ತಲು, ಮಾವನ ಮನೆ, ಕೆಡವಿದ ಹಳೇ ಚಾಳು, ಎಲ್ಲೆಲ್ಲಿ ಏನಿತ್ತೋ ಅದನ್ನು ಪ್ರೀತಿಯಿಂದ ತಂದಿದ್ದರು. ಒಂದೇ ಮಾಡಿಗೆ ಊರೂರಿನ ಕಾರ್ಖಾನೆಗಳು ಸೇರಿದ್ದವು. ಬೆಳಗಾವಿಯಲ್ಲಿ ಒಂದಕ್ಕೊಂದು ಕೂಡಿ ಬಾರದ್ದು ಭಾಷೆಗಳು ಎಂದು ಹೊರಗಿನವರು ತಿಳಿದಿರುತ್ತಾರೆ. ಕನ್ನಡ ಸಾಲಿನ ಹಂಚೂ ಮರಾಠಿ ಸಾಲಿನ ಹಂಚೂ, ಅಚ್ಚು ಒಂದಾದ ಕಡೆ, ತುಟಿಪಿಟಕ್ಕೆನ್ನದೆ ಕೂತವು.

ಗೆಳೆಯ ಕಟ್ಟೆಯ ಮೇಲೆ ಕುಕ್ಕರಿಸಿ ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ದಿನಾ ಕೂದಲೆಳಿ ಲೆಕ್ಕದಾಗ ಅಚ್ಚು ಮಾಡಾಂವ ನಾನು. ಎಲ್ಲಾ ಹಂಚು ನನ್ನ ಕೈಲೆ ಟೆಂಪೋಕ್ಕ ತುಂಬೇನಿ. ಒಂದರ ಅಂಚರೇ ನೋಡಿದ್ನೇನು? ಬರೇ ಸಾಲು ಓದಕೋತ ತುಂಬೇನಿ!"

"ಕವಿಗಳ ಕೂಡಿ ಮಾಡು ಕಟ್ಟಿದ್ರ ಹಿಂಗ," ಅಂದಳು ಅಕ್ಕ. ಅವಳು ನಗಲಿಲ್ಲ. ಪಡುವಣಕ್ಕೆ ತಿರುಗಿ ಮೋಡ ನೋಡಿದಳು. ಮಿರಗಕ್ಕೆ ಇನ್ನು ಒಂದು ವಾರವೂ ಸರಿಯಾಗಿ ಇರಲಿಲ್ಲ. ಅಲ್ಲಿಯ ತನಕ ನಮಗೆ ಇದೊಂದು ಚೆಂದದ ಆಟವಾಗಿತ್ತು. ಅವಳಿಗೆ ಆಟವಾಗಿರಲಿಲ್ಲ.

ಆದರೆ ಅಕ್ಕ ಬಹಳ ಹೊತ್ತು ಮೋಡ ನೋಡುತ್ತ ನಿಲ್ಲುವ ಜಾತಿಯವಳಲ್ಲ. ನೀರಿಗೆ ಬಂದಿದ್ದ ಹೆಂಗಸರನ್ನು ಕರೆದಳು. ಹಂಚಿನ ಒಳಮೈ ಮೇಲೆ ಒತ್ತಿದ ಕಾರ್ಖಾನೆಯ ಗುರುತು ನೋಡಿ ಬೇರೆ ಬೇರೆ ರಾಶಿ ಹಾಕಿಸಿದಳು. ದೊಡ್ಡ ರಾಶಿ ಒಂದು ಬಂತು, ಅದರಿಂದ ಕೋಣೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚಬಹುದಿತ್ತು. ಎರಡನೆಯ ರಾಶಿ ಅದಕ್ಕಿಂತ ಸಣ್ಣದು. ಉಳಿದವು ಚೂರುಪಾರು.

"ಈ ದೊಡ್ಡ ರಾಶಿ ಗುರುತಿನ ಹಂಚು ಇನ್ನೆಲ್ಲಿ ಅದಾವು ಅಂತ ನನಗ ಗೊತ್ತೈತಿ," ಅಂದಳು ಅಕ್ಕ. "ಅಜ್ಜನ ಎಮ್ಮಿ ಕೊಟ್ಟಿಗ್ಯಾಗ."

ಅಜ್ಜ ಊರಿನ ಕುರಿ, ಎಮ್ಮೆ ಸಾಕುವ ಮನೆತನದ ಹಿರಿಯ. ಮಗ ಉದ್ಯಮಬಾಗದಲ್ಲಿ ನೌಕರಿಗೆ ಸೇರಿದ ಮೇಲೆ ಹೊಸ ಕೊಟ್ಟಿಗೆ ಕಟ್ಟಿಸಿದ್ದರು. ಕೊಟ್ಟಿಗೆಯ ಒಂದು ಮಗ್ಗುಲಿನ ಹಂಚು ಬಾಲವಾಡಿಗೆ ಕೊಡಬೇಕು, ಬದಲಿಗೆ ನಮ್ಮ ಎರಡನೆಯ ರಾಶಿಯನ್ನು ಅಲ್ಲಿ ಹೊದಿಸಿಕೊಡುತ್ತೇವೆ, ಎರಡೂ ಕಡೆ ಅಚ್ಚು ಅಚ್ಚಿಗೆ ಕೂಡುತ್ತದೆ. ಇದು ಅಕ್ಕನ ಲೆಕ್ಕ. ಚೂರುಪಾರು ಹಂಚನ್ನು, ಯಾರ ಮನೆಯಲ್ಲಿ ಆ ಗುರುತಿನದು ಒಡೆದಿದೆಯೋ ಅವರು ಒಯ್ಯಲಿ.

ಅಜ್ಜ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದು ರಾಶಿಯ ಸುತ್ತ ಒಂದು ಸುತ್ತು ಹಾಕಿದರು.

"ಚಂದ ಐತಿ ನಿಮ್ಮ ನ್ಯಾಯ. ಹುಡುಗೂರ ತಲಿ ಮ್ಯಾಲ ಮಾಡು ಬೇಕು, ಅದಕ್ಕ ನನ್ನ ಎಮ್ಮಿ ತಲಿ ಬೋಳಸ್ತೀರಿ."

"ಬೋಳಸೂದಿಲ್ಲೋ ಎಪ್ಪಾ, ಬ್ಯಾರೆ ಹೊದಸ್ತೇವಿ," ಅಂದಳು ಅಕ್ಕ. "ನಿನ್ನ ಮೊಮ್ಮಗಳೂ ಇಲ್ಲೇ ಇರಾಕಿ. ನಾಟಿ ದಿನಾ ಆಕಿನ್ನ ಯಾರು ನೋಡ್ತಾರ? ನಿನ್ನ ಎಮ್ಮಿ ನೋಡ್ತೈತೇನು?"

"ನನ್ನ ಎಮ್ಮಿ ನಿನ್ನಕಿಂತ ಶಾಣ್ಯಾ ಐತಿ." ಅಜ್ಜ ಒಂದು ಹಂಚು ಎತ್ತಿ ತಿರುವಿದರು. "ಈ ಬಿಳೀದ ಏನಿದು? ರಂಗೋಲಿಯೇನು?"

"ಕವನ ಅಜ್ಜಾರ," ಅಂದೆ. "ಒಂದೊಂದರ ಮೇಲೆ ಒಂದೊಂದು."

"ಹಂಗಾರ ಓದ್ರಿ. ಏನ ತಗೋತೇನಿ ಅನ್ನೂದು ಗೊತ್ತಾಗಬೇಕಲ್ಲ."

ಹೀಗೆ ನಮ್ಮ ಕೊನೆಯ ಕವಿಗೋಷ್ಠಿ ಅಲ್ಲಿ, ಬಾಲವಾಡಿಯ ಮುಂದಿನ ಬಯಲಿನಲ್ಲಿ, ಹಂಚಿನ ರಾಶಿಯ ಪಕ್ಕದಲ್ಲಿ ಶುರುವಾಯಿತು. ನಾನು ಎರಡನೆಯ ರಾಶಿಯಿಂದ ಒಂದೊಂದೇ ಎತ್ತಿ ಓದಿದೆ. ಮರಾಠಿಯವನ್ನು ಅಕ್ಕ ಓದಿದಳು. ಊರಿನವರಿಗೆ ಎರಡೂ ಒಂದೇ. ಬಿಂದಿಗೆ ಇಳಿಸಿ ಹೆಂಗಸರು ಕೂತರು. ಮಿಸ್ತ್ರಿ ಮಾಡಿನ ಮೇಲಿನಿಂದಲೇ ತೀರ್ಪು ಕೊಡತೊಡಗಿದ. ತಾಯಿಯ ಬಗ್ಗೆ ಒಂದು ಸಾಲು ಬಂತು. "ಇದ್ನ ಸೊಸಿ ಮುಂದ ಓದಬ್ಯಾಡ್ರಿ, ಜಗಳಾ ಹತ್ತತೈತಿ," ಅಂದರು ಅಜ್ಜ. ಮಳೆಯ ಬಗ್ಗೆ ಬಂದದ್ದಕ್ಕೆ ಅವರೇ, "ಮಾಡಿನ ಮ್ಯಾಲ ಮಳಿ ಹೆಸರು ಬರದ್ರ ಒಳಗ ಬಾ ಅಂತ ಕರದಂಗ." ನಮ್ಮ ಮನೆ ಮಾಲಿಕರ ಬಾಡಿಗೆಯ ಸಾಲಿಗೆ ಎಲ್ಲರೂ ನಕ್ಕರು, ಎಮ್ಮೆ ಬಾಡಿಗೆ ಕೊಡುವುದಿಲ್ಲ ಎಂದು ಅಜ್ಜ ಅದನ್ನೂ ಸರಿಸಿದರು. ಒಂದೂ ಒಪ್ಪಿಗೆಯಾಗಲಿಲ್ಲ. ಅಕ್ಕ ತುಟಿ ಕಚ್ಚಿಕೊಂಡು ನಿಂತಿದ್ದಳು.

ಆಗ ಈ ಸಾಲು ಕೈಗೆ ಬಂತು. ಓದಿದೆ:

"ಅನಂತದ ಮೌನದಲ್ಲಿ ಅಸ್ತಿತ್ವವೇ ಒಂದು ಪ್ರಶ್ನಾರ್ಥಕ ಚಿಹ್ನೆ."

ಮಿಸ್ತ್ರಿ ತೀರ್ಪು ಕೊಡುವುದನ್ನು ಮರೆತು ಬಾಯಿಂದ ಬೀಡಿ ತೆಗೆದ.

"ಇನ್ನೊಮ್ಮೆ ಹೇಳ್ರಿ," ಅಂದರು ಅಜ್ಜ. ಹೇಳಿದೆ. ಅಜ್ಜ ಕಣ್ಣು ಮುಚ್ಚಿ ಕೇಳಿದರು. "ಅರ್ಥ ಏನ್ರಿ ಇದರದು?"

ನಾನು ಗಂಟಲು ಸರಿಮಾಡಿಕೊಂಡು, "ಅಂದ್ರ ನೋಡ್ರಿ ಅಜ್ಜಾರ, ನಾವು ಇದ್ದೇವಿ ಅನ್ನೂದು..." ಎನ್ನುವಷ್ಟರಲ್ಲಿ ಅವರು ಕೈ ಅಡ್ಡ ಮಾಡಿದರು.

"ಬ್ಯಾಡ, ಬ್ಯಾಡ! ಹೇಳಿಗೀಳೀರಿ. ತಿಳದ್ರ ಹೊಂಟ ಹೋಗ್ತೈತಿ. ಗುಡಿಯಾಗ ಮಂತ್ರ ಅಂದಂಗ ಗುಂಯ್ ಅಂತೈತಿ. ಇದು ನನ್ನ ಎಮ್ಮಿ ನೆತ್ತಿ ಮ್ಯಾಲ ಇರ್ಲಿ. ಉಳದದ್ದು ನೀವು ಏನರೇ ಹೊದಸ್ರಿ." ಮಿಸ್ತ್ರಿಯ ಕಡೆ ತಿರುಗಿದರು. "ಇಳಿಯೋ ಕೆಳಗ. ನಮ್ಮ ಕೊಟ್ಟಿಗಿ ಹತ್ತು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಜೋರಾಗಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಹೆಂಡತಿಯ ಮುಖ್ಯ ಸಾಕ್ಷಿ ಇದೇ ಪ್ರಸಂಗ. "ಅರ್ಥ ಹೇಳಾಕ ಗಂಟಲಾ ಸರಿ ಮಾಡಕೊಂಡಾವ್ರು ಯಾರು? ಬರದಾವ್ರ ಮಾಡಕೊಂಡಿರ್ತಾರ." ಪಾಠ ಹೇಳುವವನು ಕಂಡ ಕಂಡದ್ದಕ್ಕೆಲ್ಲ ಅರ್ಥ ಹೇಳುತ್ತಾನೆ, ಅದು ವೃತ್ತಿ, ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ನಾನು. ಅಸ್ತಿತ್ವ, ಅನಂತ ಎನ್ನುವ ಪದ ಆ ಓಣಿಯಲ್ಲಿ ಬೇರೆ ಯಾರ ಬಾಯಲ್ಲಿ ಬರುತ್ತಿತ್ತು ಎಂದು ಅವಳು. ಆ ವಿಮಾ ಏಜೆಂಟರ ಬಾಯಲ್ಲಿ ಬರುತ್ತಿತ್ತು ಎಂದು ನಾನು. ಏಜೆಂಟರ ಸಾಲುಗಳೆಲ್ಲ ಪ್ರೇಮದವು ಎಂದು ಅವಳು. ಅವರು ಆಮೇಲೊಮ್ಮೆ ತಮ್ಮ ಸಾಲು ಹುಡುಕಿಕೊಂಡು ಆ ಊರಿಗೆ ಹೋಗಿ, ಅದು ಯಾರದೋ ಬಚ್ಚಲಿನ ಮೇಲೆ ಇರುವುದನ್ನು ಕಂಡು ಬಂದರು. ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿ ದಿನಾ ಒಬ್ಬರಾದರೂ ಪುರುಸೊತ್ತಿನಲ್ಲಿ ಓದುತ್ತಾರೆ ಅಂದರು.

ಮಾಡು ಮುಗಿಯಿತು. ಮಾವಶಿಯ ಹಂಚು ದೊಡ್ಡ ರಾಶಿಯ ಅಚ್ಚಿನದೇ ಆಗಿತ್ತು. ಅದನ್ನು ಬಾಗಿಲು ದಾಟಿದ ಕೂಡಲೇ ಕಾಣುವಂತೆ ಕೂರಿಸಿದರು. "ಮೇಲೆ ಮಳೆ, ಕೆಳಗೆ ಮಗು" ಕೂಡ ಅಲ್ಲೇ, ನಡುವಿನ ಜಂತಿಯ ಮಗ್ಗುಲಲ್ಲಿ. ಅಜ್ಜನ ಕೊಟ್ಟಿಗೆಯಿಂದ ಬಂದ ಹಂಚಿನ ಮೇಲೆ ಏನೂ ಬರೆದಿರಲಿಲ್ಲ. ಹಾಗಾಗಿ ಬಾಲವಾಡಿಯ ಮಾಡು ಅರ್ಧ ಮಾತು, ಅರ್ಧ ಮೌನ. ಮಿರಗದ ಮೊದಲ ಮಳೆ ತೆಳ್ಳಗೆ ಬಂದು ಹೋಯಿತು, ಏನೂ ಸೋರಲಿಲ್ಲ ಎಂದು ಗೆಳೆಯ ಸುದ್ದಿ ತಂದ. ಆದರೆ ಆ ಸೀಮೆಯಲ್ಲಿ ಮಾಡಿನ ಪರೀಕ್ಷೆ ಮಿರಗವಲ್ಲ, ಅದರ ಬೆನ್ನಿಗೆ ಬರುವ ಆರಿದ್ರಾ ಮಳೆ.

ಆರಿದ್ರಾ ಹಿಡಿದು, ನಾಟಿ ಜೋರಾದ ಒಂದು ದಿನ ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಮಳೆ ಎಂದರೆ ಮಳೆ. ಗದ್ದೆಯಲ್ಲಿ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಾಗಿದ ಹೆಂಗಸರು ದೂರಕ್ಕೆ ನೀಲಿ, ಬಿಳಿ ಗುಡ್ಡೆಗಳಂತೆ ಕಾಣುತ್ತಿದ್ದರು. ಹಾಡು ಕೇಳಿ ಬರುತ್ತಿತ್ತು, ಅಥವಾ ನಾಟಿ ಎಂದರೆ ಹಾಡು ಇರಬೇಕು ಎಂದು ನಾನು ಈಗ ಸೇರಿಸುತ್ತಿದ್ದೇನೆ. ಹೆಂಡತಿಗೆ ಕೇಳಿದ್ದು ಬೈಗುಳ. ಯಾರೋ ಯಾರದೋ ಭತ್ತದ ಅಗೆಯ ಕಟ್ಟು ತುಳಿದಿದ್ದರಂತೆ.

ಬಾಲವಾಡಿಯ ಬಾಗಿಲಲ್ಲಿ ಅಕ್ಕ ತುಟಿಗೆ ಬೆರಳಿಟ್ಟು ನಿಂತಿದ್ದಳು. ಒಳಗೆ ಚಾಪೆಯ ತುಂಬ ಮಕ್ಕಳು ಮಲಗಿದ್ದವು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ಮೇಲೆ ಮಳೆ ಧೋ ಎಂದು ಹೊಡೆಯುತ್ತಿತ್ತು. ನೆಲ ಒಣಗಿತ್ತು. ಅಕ್ಕ ಹೆಬ್ಬೆರಳಿನಿಂದ ನೆಲ ಒರೆಸಿ ನಮಗೆ ತೋರಿಸಿದಳು, ಹೊಸ ಪಾತ್ರೆ ತೋರಿಸುವವರ ಹಾಗೆ.

ನಾವು ಗೋಡೆಗೆ ಒರಗಿ ಕೂತೆವು. ತಲೆಯೆತ್ತಿದರೆ ನಡುವಿನ ಜಂತಿಯ ಪಕ್ಕ ಆ ಸಾಲು. ಅದರ ನೇರಕ್ಕೆ ಅಜ್ಜನ ಮೊಮ್ಮಗಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ನನ್ನ ಚಷ್ಮಾದ ಮೇಲೆ ಒಂದು ಹನಿ ಬಿತ್ತು. ಸೋರಿತು ಎಂದೆ, ಮೆಲ್ಲಗೆ. ಅಕ್ಕ ಗಾಬರಿಯಾಗಿ ಮೇಲೆ ನೋಡಿದಳು.

"ಇಲ್ಲಕ್ಕಾ, ಇವರ ತಲಿ ಸೋರಾಕತ್ತೈತಿ. ಒರಸ್ಕೋರಿ ಅಂದ್ರ ಕೇಳಿಲ್ಲ," ಎಂದು ಹೆಂಡತಿ ನನ್ನ ಕೂದಲು ತೋರಿಸಿದಳು.

"ಲೇ," ಗೆಳೆಯನನ್ನು ಕೇಳಿದೆ, "ಖರೇ ಹೇಳು. ಆ ಸಾಲು ಯಾರದು?"

ಅವನು ಕತ್ತೆತ್ತಿ ಬಹಳ ಹೊತ್ತು ಓದಿದ. "ಛಲೋ ಐತಿ. ನನ್ನದಿದ್ರೂ ಇರಬೇಕು. ನಿನ್ನದಿದ್ರೂ ಇರಬೇಕು. ನಾ ಆವಾಗ ಮಿರ್ಚಿ ತಿನ್ನಾಕತ್ತಿದ್ನೋ ಮಾರಾಯಾ."

"ಸುಮ್ಮ ಕುಂದರ್ರಿ ಎಲ್ಲಾರೂ," ಅಕ್ಕ ಗದರಿದಳು. "ಒಂದ ಎದ್ರ ಎಲ್ಲಾ ಏಳ್ತಾವು. ಅವರವ್ವಗೋಳು ಓಡಿ ಬರ್ತಾರ. ಇನ್ನಾ ಎರಡು ಗದ್ದಿ ಉಳದಾವು."

ಸುಮ್ಮನೆ ಕೂತೆವು. ನನಗೆ ಅಷ್ಟು ಹೊತ್ತು ಸುಮ್ಮನೆ ಕೂತು ಗೊತ್ತಿಲ್ಲ.

ಸಂಜೆ ಅಜ್ಜ ಹೇಳಿ ಕಳಿಸಿದರು, ಬಸ್ಸಿಗೆ ಹೊತ್ತಿದೆ, ಚಹಾ ಕುಡಿದು ಹೋಗಬೇಕು ಎಂದು. ಕೊಟ್ಟಿಗೆಯ ಮಗ್ಗುಲಿನ ಜಗಲಿಯಲ್ಲಿ ಕೂತೆವು. ಒಳಗೆ ಎಮ್ಮೆ ಮೆಲುಕು ಹಾಕುತ್ತಿತ್ತು. ಅದರ ನೆತ್ತಿಯ ಮೇಲೆ, ಹೊಗೆ ಹತ್ತದೆ, ಬೆಳ್ಳಗೆ, ಅನಂತದ ಮೌನ.

"ಅದು ಬಂದಾಗಿಂದ ಹಾಲು ಹೆಚ್ಚ ಕೊಡಾಕತ್ತೈತ್ರಿ," ಅಂದರು ಅಜ್ಜ.

"ಹಾಲು ಮೊದಲಿನಷ್ಟ ಐತ್ರಿ," ಒಳಗಿನಿಂದ ಸೊಸೆ ಅಂದಳು. "ಮಾವಾರ ಮಾತು ಹೆಚ್ಚಾಗೇತಿ."

ಜಗಲಿಯಿಂದ ಬಾಲವಾಡಿಯ ಬಾಗಿಲು ಕಾಣುತ್ತಿತ್ತು. ಹೆಂಗಸರು ಗದ್ದೆಯಿಂದ ಬಂದು ಹಳ್ಳದಲ್ಲಿ ಕಾಲು ತೊಳೆದುಕೊಂಡು, ಕೊಪ್ಪೆಯ ಒಳಗೆ ಒಂದೊಂದು ಮಗುವನ್ನು ಮುಚ್ಚಿಕೊಂಡು ಹೊರಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಪ್ರತಿಯೊಬ್ಬಳಿಗೂ ಏನಾದರೊಂದು ಕೂಗಿ ಹೇಳುತ್ತಿದ್ದಳು. ಇವಗ ಕೆಮ್ಮೈತಿ, ಇಕಿ ಇವತ್ತ ಉಂಡಿಲ್ಲ, ನಾಳಿ ಲಗೂನ ಬರ್ರಿ.

"ನಾಳಿ ಅಂದ್ಲು, ಕೇಳಿದ್ರಿಲ್ಲೋ?" ಗೆಳೆಯ ನೆಮ್ಮದಿಯಿಂದ ಕಾಲು ಚಾಚಿದ. "ನಮ್ಮಕ್ಕ ಇನ್ನ ನಮ್ಮನಿಗೆ ಬರೂದಿಲ್ಲ. ಹಬ್ಬಕ್ಕ ಬಂದ್ರ ಬರಲಿ."

ಸೊಸೆ ಚಹಾ ತಂದಳು. ಗಟ್ಟಿ ಹಾಲು, ಮೇಲೆ ಕೆನೆ ಕಟ್ಟಿತ್ತು. ಹೆಂಡತಿ ತನ್ನ ಕಪ್ಪು ಎತ್ತುವ ಮೊದಲು ಒಮ್ಮೆ ಎಮ್ಮೆಯ ಮೇಲಿನ ಹಂಚು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಮಳೆಯ ಕಡೆ ತಿರುಗಿ ಕುಡಿದೆ. ಚಹಾ ಬಹಳ ಚೆನ್ನಾಗಿತ್ತು. ಇದೊಂದರಲ್ಲಿ ಮಾತ್ರ ಅವಳದೂ ತಕರಾರಿಲ್ಲ.